ನವೆಂಬರ್ 1: ಒಂದು ತಾರೀಖಿನ ಚರಿತ್ರೆ

ನಮ್ಮ ಸಂಘದ ವಾರ್ಷಿಕೋತ್ಸವವನ್ನು ಪ್ರತಿವರ್ಷವೂ ನವೆಂಬರ್ 1ರಂದು ನಡೆಸುವುದು ಮೊದಲಿನಿಂದ ಬಂದ ವಾಡಿಕೆಯಾಗಿದೆ. ಚಂದ್ರಗಿರಿ ಹೊಳೆಯ ಬಡಗಣ ದಡದಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಆ ದಿನದ ಮಹತ್ವವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲವೆಂದೇ ನಾವು ತಿಳಿದಿದ್ದೆವು. ಆದರೆ ಕಳೆದ ವರ್ಷದ ಸಭೆ ಮುಗಿದು, ತೋರಣಗಳನ್ನು ಬಿಚ್ಚಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದ ಹೊತ್ತಿನಲ್ಲಿ, ಹತ್ತು ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದಳು.

“ಮಾಷ್ಟ್ರೇ, ನಾನು ಹುಟ್ಟಿದ್ದೂ ನವೆಂಬರ್ ಒಂದಕ್ಕೆ. ಶಾಲೆಯಲ್ಲಿ ಆ ದಿನ ಕೇರಳದ ಹುಟ್ಟುಹಬ್ಬ ಅಂತ ಹೇಳ್ತಾರೆ. ಇಲ್ಲಿ ಕರ್ನಾಟಕದ ಹುಟ್ಟುಹಬ್ಬ ಅಂತ ನೀವು ಹೇಳ್ತೀರಿ. ನನ್ನ ಹುಟ್ಟುಹಬ್ಬ ಯಾವುದರೊಟ್ಟಿಗೆ?”

ಆ ಕ್ಷಣದಲ್ಲಿ ನಾವು ನಕ್ಕು, ಅವಳ ಕೈಗೆ ಉಳಿದಿದ್ದ ಲಾಡುಗಳಲ್ಲಿ ಎರಡನ್ನು ಇಟ್ಟು ಕಳುಹಿಸಿದೆವು. ಆದರೆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಒಂದೇ ದಿನವನ್ನು ಹಂಚಿಕೊಂಡ ಘಟನೆಗಳಿಗೆ ಪರಸ್ಪರ ಸಂಬಂಧವೇನು? ತಾರೀಖೊಂದು ಯಾರ ಸ್ವತ್ತು? ಅವಳಿಗೆ ಅಂದು ಕೊಡದೆ ಉಳಿದ ಉತ್ತರವನ್ನು ಈ ಸಂಚಿಕೆಯ ಪುಟಗಳಲ್ಲಿ ಕೊಡಲು ಯತ್ನಿಸುತ್ತೇವೆ. ವಾಚಕರೂ ತಮ್ಮ ಜನ್ಮದಿನವನ್ನೋ ಮದುವೆಯ ದಿನವನ್ನೋ ಮನಸ್ಸಿನಲ್ಲಿಟ್ಟುಕೊಂಡು ನಮ್ಮೊಡನೆ ಬರಬೇಕೆಂದು ಪ್ರಾರ್ಥನೆ.

ಮೊದಲನೆಯದಾಗಿ, ದಿನವೊಂದಕ್ಕೆ ಒಂದೇ ಹೆಸರೆಂಬುದು ಇತ್ತೀಚಿನ ಭಾವನೆ. ನಾವು ನವೆಂಬರ್ 1 ಎನ್ನುವ ದಿನವು ತುಳುವರ ಎಣಿಕೆಯಲ್ಲಿ ಬೊಂತೆಲ್ ತಿಂಗಳ ನಡುವೆ ಬರುತ್ತದೆ. ನೆರೆಯ ಮಲಯಾಳಿಗಳಿಗೆ ಅದು ತುಲಾಂ ಮಾಸ. ಇವೆರಡೂ ಸೌರಮಾನದ ತಿಂಗಳುಗಳಾದುದರಿಂದ ವರ್ಷ ವರ್ಷವೂ ಹೆಚ್ಚು ಸರಿದಾಡುವುದಿಲ್ಲ. ಚಾಂದ್ರಮಾನದ ಪಂಚಾಂಗದಲ್ಲಾದರೋ ಅದೇ ದಿನವು ಒಂದು ವರ್ಷ ಆಶ್ವಯುಜದಲ್ಲಿಯೂ ಇನ್ನೊಂದು ವರ್ಷ ಕಾರ್ತಿಕದಲ್ಲಿಯೂ ಬೀಳುವುದುಂಟು. 1957ರ ಮಾರ್ಚ್ 22ರಿಂದ ಭಾರತ ಸರಕಾರವು ಅಂಗೀಕರಿಸಿದ ರಾಷ್ಟ್ರೀಯ ಶಕ ಪಂಚಾಂಗದಂತೆ ನವೆಂಬರ್ 1 ಯಾವಾಗಲೂ ಕಾರ್ತಿಕ 10. ಹೀಗೆ ಒಂದೇ ಸೂರ್ಯೋದಯಕ್ಕೆ ನಮ್ಮ ಒಂದೇ ಊರಿನಲ್ಲಿ ನಾಲ್ಕು ಹೆಸರುಗಳಿವೆ.

ನಮ್ಮ ಪೂರ್ವಿಕರು ಶಾಸನಗಳಲ್ಲಿ ಕಾಲವನ್ನು ನಮೂದಿಸುವಾಗ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇವುಗಳನ್ನು ಹೇಳುತ್ತಿದ್ದರು. ಬಾದಾಮಿಯ ಬೆಟ್ಟದಲ್ಲಿರುವ ಒಂದನೆಯ ಪುಲಕೇಶಿಯ ಶಾಸನವು ಶಕ 465ನ್ನು ಹೇಳುತ್ತದೆ; ಅದು ಕ್ರಿಸ್ತಶಕ 543. ಐಹೊಳೆಯ ಪ್ರಸಿದ್ಧ ಶಾಸನವು ಶಕ 556ನ್ನು ಹೇಳುತ್ತದೆ. ಇಂಥ ಕಾಲಸೂಚನೆಗಳನ್ನು ಇಂಗ್ಲಿಷ್ ತಾರೀಖುಗಳಿಗೆ ತಿರುಗಿಸುವ ಕಷ್ಟದ ಕಾರ್ಯಕ್ಕೆ ಮದರಾಸಿನ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಕೋಷ್ಟಕಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಕವಿಗಳೆಂದು ಖ್ಯಾತರಾದಂತೆಯೇ ಕಾಲನಿರ್ಣಯದಲ್ಲಿ ತಲೆ ಹಾಕಿದ ಸಂಶೋಧಕರೂ ಹೌದು. ತಾರೀಖನ್ನು ತೂಗಿ ನೋಡದೆ ಒಪ್ಪಬಾರದೆಂಬ ಪಾಠವನ್ನು ನಮ್ಮ ನೆಲಕ್ಕೆ ಅವರು ಬಿಟ್ಟುಹೋಗಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ತಾರೀಖಿನಲ್ಲಿ ಎರಡು ಘಟನೆಗಳು ಕೂಡಿಬಂದುದನ್ನು ಕಂಡಾಗ ಮನಸ್ಸು ಬೆರಗಾಗುತ್ತದೆ. ಆದರೆ ಇಂಥ ಕೂಡುವಿಕೆಗಳು ಮೂರು ಬಗೆಯವು. ಮೂರನ್ನೂ ಬೇರ್ಪಡಿಸಿ ನೋಡುವುದು ಚರಿತ್ರೆಯ ವಿದ್ಯಾರ್ಥಿಯ ಮೊದಲ ಕರ್ತವ್ಯ.

ಒಂದನೆಯ ಬಗೆಯದು ಉದ್ದೇಶಪೂರ್ವಕವಾಗಿ ಆರಿಸಿಕೊಂಡ ದಿನ. ನಮ್ಮ ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕೃತವಾಗಿದ್ದರೂ ಪೂರ್ಣವಾಗಿ ಜಾರಿಗೆ ಬಂದುದು 1950ರ ಜನವರಿ 26ರಂದು. 1930ರ ಜನವರಿ 26ನ್ನು ಪೂರ್ಣ ಸ್ವರಾಜ್ಯದ ದಿನವಾಗಿ ದೇಶವು ಆಚರಿಸಿತ್ತು. ಆ ನೆನಪನ್ನು ಉಳಿಸುವುದಕ್ಕಾಗಿಯೇ ಎರಡು ತಿಂಗಳು ಕಾಯಲಾಯಿತು. ಬಿರ್ಸಾ ಮುಂಡಾನ ಜನ್ಮದಿನವಾದ ನವೆಂಬರ್ 15ರಂದು 2000ನೆಯ ಇಸವಿಯಲ್ಲಿ ಝಾರ್ಖಂಡ ರಾಜ್ಯವನ್ನು ಉದ್ಘಾಟಿಸಿದುದೂ ಇದೇ ಬಗೆಯದು. ಆಗಸ್ಟ್ 15ರ ಸಂಗತಿ ಸ್ವಲ್ಪ ಬೇರೆ. ಜಪಾನು ಶರಣಾದ ದಿನದ ಎರಡನೆಯ ವರ್ಷಾಂತವೆಂದು ಲಾರ್ಡ್ ಮೌಂಟ್‌ಬ್ಯಾಟನ್ ಆ ದಿನವನ್ನು ಆರಿಸಿದನು. ಆರಿಸಿದವನ ಮನಸ್ಸಿನಲ್ಲಿದ್ದ ಕಾರಣವನ್ನು ಇಂದು ನಮ್ಮಲ್ಲಿ ಯಾರೂ ನೆನೆಯುವುದಿಲ್ಲ. ದಿನವು ಮಾತ್ರ ನಮ್ಮದಾಗಿ ಉಳಿದಿದೆ.

ಎರಡನೆಯ ಬಗೆಯದು ಕಚೇರಿಯ ಅನುಕೂಲದ ದಿನ. ಸರಕಾರದ ಲೆಕ್ಕಪತ್ರ, ಸಂಬಳ, ಖಜಾನೆಯ ವಹಿವಾಟು ಇವೆಲ್ಲ ತಿಂಗಳಿನ ಮೊದಲನೆಯ ತಾರೀಖಿಗೆ ಒಗ್ಗಿಕೊಂಡಿವೆ. ಆದುದರಿಂದ ಆಂಧ್ರ ರಾಜ್ಯವು ಹುಟ್ಟಿದ್ದು 1953ರ ಅಕ್ಟೋಬರ್ 1ರಂದು; ಮಹಾರಾಷ್ಟ್ರ ಮತ್ತು ಗುಜರಾತುಗಳು 1960ರ ಮೇ 1ರಂದು. ಇಂಥ ದಿನಗಳಲ್ಲಿ ಗೂಢಾರ್ಥವನ್ನು ಹುಡುಕುವುದು ವ್ಯರ್ಥಶ್ರಮ.

ಮೂರನೆಯದು ಕೇವಲ ಯೋಗಾಯೋಗ. ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅವನ ಹುಟ್ಟಿದ ದಿನವೆಂದು ಜನರು ಆಚರಿಸುವುದು ಆಗಸ್ಟ್ 15ನ್ನು. ಸ್ವಾತಂತ್ರ್ಯ ದಿನವೂ ಗಣರಾಜ್ಯ ದಿನವೂ ಒಬ್ಬನೇ ವೀರನ ಬಾಳಿನ ಎರಡು ತುದಿಗಳಲ್ಲಿ ನಿಂತುದನ್ನು ಕಂಡು ಕಿತ್ತೂರಿನ ಕಡೆಯವರು ಹೆಮ್ಮೆಪಡುವುದು ಸಹಜವಾಗಿದೆ. ಗೋವಿಂದ ಪೈಗಳು ಜನಿಸಿದ್ದು 1883ರ ಮಾರ್ಚ್ 23ರಂದು. ಅವರಿಗೆ ನಾಲ್ವತ್ತೆಂಟು ತುಂಬಿದ ದಿನವೇ, 1931ರಲ್ಲಿ, ಭಗತ್ ಸಿಂಗ್, ರಾಜಗುರು, ಸುಖದೇವರು ಲಾಹೋರಿನಲ್ಲಿ ನೇಣಿಗೇರಿದರು. ಗಡಿನಾಡಿನ ಹಿರಿಯ ಹೋರಾಟಗಾರರೂ ಸ್ವಾತಂತ್ರ್ಯ ಯೋಧರೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ ತೀರಿಕೊಂಡದ್ದು 2015ರ ಆಗಸ್ಟ್ 9ರಂದು. 1942ರ ಕ್ರಾಂತಿಯು ದೇಶದಾದ್ಯಂತ ಭುಗಿಲೆದ್ದದ್ದೂ ಆಗಸ್ಟ್ 9ರಂದೇ. ಇವುಗಳಲ್ಲಿ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಒಂದನ್ನು ನೆನೆದಾಗ ಇನ್ನೊಂದು ನೆನಪಿಗೆ ಬರುವುದಾದರೆ ಅದು ಲಾಭವೇ ಹೊರತು ನಷ್ಟವಲ್ಲ.

ಈ ಮೂರು ಒರೆಗಲ್ಲುಗಳನ್ನು ಹಿಡಿದು ನಮ್ಮ ನವೆಂಬರ್ 1ನ್ನು ಪರೀಕ್ಷಿಸೋಣ.

ಕ್ರೈಸ್ತ ಬಾಂಧವರಿಗೆ ಇದು ಸಕಲ ಸಂತರ ಹಬ್ಬದ ದಿನ. 1755ರಲ್ಲಿ ಆ ಹಬ್ಬದ ಬೆಳಗ್ಗೆ, ಜನರು ಇಗರ್ಜಿಗಳಲ್ಲಿ ನೆರೆದಿದ್ದಾಗ, ಪೋರ್ಚುಗಲಿನ ರಾಜಧಾನಿಯಾದ ಲಿಸ್ಬನ್ ನಗರವು ಭೂಕಂಪಕ್ಕೆ ತುತ್ತಾಯಿತು. ನಡುಕದ ಹಿಂದೆಯೇ ಸಮುದ್ರವು ಉಕ್ಕಿಬಂದಿತು. ಹಬ್ಬದ ಮೇಣದ ಬತ್ತಿಗಳಿಂದಲೂ ಒಲೆಗಳಿಂದಲೂ ಹತ್ತಿದ ಬೆಂಕಿಯು ದಿನಗಟ್ಟಲೆ ಉರಿಯಿತು. ಹತ್ತಾರು ಸಾವಿರ ಜನರು ಮಡಿದರು. ಆ ನಗರವನ್ನು ಮತ್ತೆ ಕಟ್ಟಿಸಿದ ಮಂತ್ರಿಯು ಪೊಂಬಾಲನು. ಭೂಕಂಪದ ಅನಂತರ ಅವನ ಅಧಿಕಾರವು ಎಷ್ಟು ಬಲಿಯಿತೆಂದರೆ 1759ರಲ್ಲಿ ಅವನು ಜೆಸುಯಿಟ್ ಪಾದ್ರಿಗಳನ್ನು ಪೋರ್ಚುಗೀಸ್ ಸಾಮ್ರಾಜ್ಯದಿಂದಲೇ ಹೊರಹಾಕಿದನು. ಆ ಆಜ್ಞೆಯು ಗೋವೆಯವರೆಗೂ ಬಂದು ಮುಟ್ಟಿತು. ದೂರದ ಸಮುದ್ರತೀರದ ಒಂದು ಬೆಳಗಿನ ನಡುಕವು ನಮ್ಮ ಕರಾವಳಿಯ ನೆರೆಹೊರೆಯನ್ನು ತಾಗಿದ ಬಗೆ ಇದು.

1858ರ ನವೆಂಬರ್ 1, ಸೋಮವಾರ. ಅಲಹಾಬಾದಿನಲ್ಲಿ ನೆರೆದ ದರ್ಬಾರಿನಲ್ಲಿ ಲಾರ್ಡ್ ಕ್ಯಾನಿಂಗನು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದನು. ಕಂಪೆನಿ ಸರಕಾರವು ಹೋಗಿ ರಾಣಿಯ ಸರಕಾರವು ಬಂದಿತು. ಘೋಷಣೆಯನ್ನು ದೇಶಭಾಷೆಗಳಿಗೆ ತಿರುಗಿಸಿ ಎಲ್ಲೆಡೆಯಲ್ಲಿಯೂ ಓದಿಸಲಾಯಿತು. ಪ್ರಜೆಗಳ ಮತಧರ್ಮಗಳಲ್ಲಿ ಕೈಹಾಕುವುದಿಲ್ಲವೆಂದೂ, ದೇಶೀಯ ಸಂಸ್ಥಾನಗಳೊಡನೆ ಮಾಡಿಕೊಂಡ ಕೌಲುಗಳನ್ನು ಗೌರವಿಸುವುದಾಗಿಯೂ ಅದರಲ್ಲಿ ಅಭಯವಿತ್ತು. ಕನ್ನಡ ನಾಡಿಗೆ ಮಾತ್ರ ಈ ಅಭಯವು ತಡವಾಗಿ ಬಂದಿತು. ದತ್ತಕದ ಹಕ್ಕನ್ನು ನಿರಾಕರಿಸಿದ್ದರಿಂದ 1824ರಲ್ಲಿ ಕಿತ್ತೂರು ಸಿಡಿದೆದ್ದಿತ್ತು. ಅದೇ ಕಾರಣದಿಂದ ನೊಂದ ನರಗುಂದದ ಬಾಬಾಸಾಹೇಬನು 1858ರ ಬೇಸಗೆಯಲ್ಲಿ ಬಂಡೆದ್ದು, ಸೆರೆಸಿಕ್ಕಿ, ಆ ಜೂನಿನಲ್ಲಿಯೇ ಬೆಳಗಾವಿಯಲ್ಲಿ ಗಲ್ಲಿಗೇರಿದ್ದನು. ಘೋಷಣೆಯು ಐದು ತಿಂಗಳ ಮೊದಲು ಬಂದಿದ್ದರೆ ಎಂದು ಯೋಚಿಸುವುದು ಚರಿತ್ರೆಯ ಕೆಲಸವಲ್ಲದಿದ್ದರೂ ಮನುಷ್ಯನ ಮನಸ್ಸು ಯೋಚಿಸದಿರದು.

ಆ ಕಾಲದಲ್ಲಿ ನಮ್ಮ ಕಾಸರಗೋಡು ಸೀಮೆಯು, ಬೇಕಲದಿಂದ ಕಾರವಾರದಾಚೆಯವರೆಗೆ ಒಂದೇ ಆಗಿದ್ದ ಕನ್ನಡ ಜಿಲ್ಲೆಯ ತೆಂಕಣ ತುದಿಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಂಪೆನಿಯ ವಶವಾದ ಈ ಕರಾವಳಿಗೆ ಥಾಮಸ್ ಮನ್ರೋ ಮೊದಲ ಕಲೆಕ್ಟರನು. ರಾಣಿಯ ಸರಕಾರ ಬಂದ ನಾಲ್ಕೇ ವರ್ಷಗಳಲ್ಲಿ, 1862ರಲ್ಲಿ, ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಯಿತು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಲು ಮುಂಬಯಿಯ ವರ್ತಕರಿಗೆ ಆ ರೇವು ಬೇಕಾಗಿತ್ತು. ಗಡಿಗಳನ್ನು ಎಳೆಯುವಾಗ ಆಗ ಹತ್ತಿಯ ಅರಳೆಗೆ ಇದ್ದ ಬೆಲೆಯು ಜನರ ಮಾತಿಗೆ ಇರಲಿಲ್ಲ. ಮಾತಿಗೆ ಬೆಲೆ ಬರಲು ಇನ್ನೂ ತೊಂಬತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

1954ರ ನವೆಂಬರ್ 1, ಅದೂ ಸೋಮವಾರವೇ. ಅಂದು ಪುದುಚ್ಚೇರಿ, ಕಾರೈಕಾಲ್, ಯಾನಾಂ ಮತ್ತು ನಮಗೆ ತೆಂಕಣ ನೆರೆಯಾದ ಮಾಹೆ, ಈ ನಾಲ್ಕು ಫ್ರೆಂಚ್ ವಸಾಹತುಗಳ ಆಡಳಿತವು ಭಾರತಕ್ಕೆ ಬಂದಿತು. ಅದಕ್ಕೆ ಎರಡು ವಾರಗಳ ಹಿಂದೆ ಕೀಳೂರಿನಲ್ಲಿ ಕೂಡಿದ 178 ಮಂದಿ ಪ್ರತಿನಿಧಿಗಳಲ್ಲಿ 170 ಮಂದಿ ವಿಲೀನಕ್ಕೆ ಒಪ್ಪಿದ್ದರು, 8 ಮಂದಿ ವಿರೋಧಿಸಿದ್ದರು. ವಾಚಕರು ಗಮನಿಸಬೇಕಾದ ಸಂಗತಿಯೆಂದರೆ, ಅದೇ ದಿನ ಅದೇ ಫ್ರೆಂಚ್ ಸಾಮ್ರಾಜ್ಯದ ಇನ್ನೊಂದು ಭಾಗವಾದ ಅಲ್ಜೀರಿಯದಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧವು ಆರಂಭವಾಯಿತು. ಇಲ್ಲಿ ಮತದಿಂದ ಮುಗಿದುದು ಅಲ್ಲಿ ಬಂದೂಕಿನಿಂದ ತೊಡಗಿತು. ಎರಡರ ದಾರಿಗಳೂ ಮುಂದೆ ಮತ್ತೆ ಕೂಡಿಕೊಂಡವು. ಪುದುಚ್ಚೇರಿಯ ಒಪ್ಪಂದಕ್ಕೆ ಫ್ರಾನ್ಸಿನ ಪಾರ್ಲಿಮೆಂಟಿನ ಒಪ್ಪಿಗೆಯು ವರ್ಷಗಳ ಕಾಲ ನಿಂತುಹೋಗಿ, 1962ರ ಜುಲೈ 5ರಂದು ಅಲ್ಜೀರಿಯವು ಸ್ವತಂತ್ರವಾದ ಮೇಲೆ, ಆ ಆಗಸ್ಟ್ 16ರಂದು ವರ್ಗಾವಣೆಯು ಕಾನೂನಿನಂತೆ ಪೂರ್ಣವಾಯಿತು.

ಈಗ ನಮ್ಮ ದಿನಕ್ಕೆ ಬಂದೆವು. 1956ರ ನವೆಂಬರ್ 1, ಗುರುವಾರ. ಶಕ 1878, ದುರ್ಮುಖಿ ಸಂವತ್ಸರ. ಕೊಲ್ಲಂ ವರ್ಷ 1132. ಹೊರಜಗತ್ತಿನಲ್ಲಿ ಅಂದು ಸುಯೆಜ್ ಕಾಲುವೆಗಾಗಿ ಬಾಂಬುಗಳು ಬೀಳುತ್ತಿದ್ದವು. ಹಂಗೆರಿಯ ಪ್ರಧಾನಿ ಇಮ್ರೆ ನಾಜ್ ತನ್ನ ದೇಶವು ಯಾವ ಬಣಕ್ಕೂ ಸೇರದೆಂದು ಅಂದೇ ಸಾರಿದ್ದನು. ಅಂಥ ಗದ್ದಲದ ನಡುವೆ ಭಾರತದ ನಕ್ಷೆಯು ಬದಲಾಯಿತು. ಬೆಂಗಳೂರಿನಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು, ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಹಳೆಯ ಮೈಸೂರು, ಕೊಡಗು, ಮುಂಬಯಿಯ ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡ, ಹೈದರಾಬಾದಿನ ಗುಲ್ಬರ್ಗ, ರಾಯಚೂರು, ಬೀದರ, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಇವೆಲ್ಲ ಒಂದೇ ಸೂರಿನಡಿ ಬಂದವು. ಆಲೂರು ವೆಂಕಟರಾಯರಂಥವರು ಅರ್ಧ ಶತಮಾನದಿಂದ ಕಂಡ ಕನಸು ಕೈಗೂಡಿತು.

ಆದರೆ ಕಾಯಿದೆಯ ಭಾಷೆಯಲ್ಲಿ ‘ಹೊರತು’ ಎಂಬ ಅರ್ಥದ ಪದವೊಂದಿತ್ತು. ಬೆಳಗಾವಿ ಜಿಲ್ಲೆ, ಚಂದಗಡ ತಾಲ್ಲೂಕು ಹೊರತು. ಗುಲ್ಬರ್ಗ ಜಿಲ್ಲೆ, ಕೊಡಂಗಲ್ ಮತ್ತು ತಾಂಡೂರು ಹೊರತು. ರಾಯಚೂರು ಜಿಲ್ಲೆ, ಆಲಂಪುರ ಮತ್ತು ಗದ್ವಾಲ ಹೊರತು. ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲ್ಲೂಕು ಮತ್ತು ಅಮಿನ್‌ದೀವಿ ದ್ವೀಪಗಳು ಹೊರತು. ಆ ‘ಹೊರತು’ಗಳಲ್ಲಿ ಒಂದು ನಮ್ಮ ಮನೆಯಾಗಿತ್ತು. ಅಮಿನ್‌ದೀವಿಯು ಕೂಡ ನಮ್ಮೊಡನೆ ಅದೇ ದಿನ ಜಿಲ್ಲೆಯನ್ನು ಬಿಟ್ಟಿತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಮಂಗಳೂರಿನ ಕಲೆಕ್ಟರರ ಅಧೀನದಲ್ಲಿದ್ದ ಆ ದ್ವೀಪಗಳು ಲಕ್ಷದ್ವೀಪಗಳೊಡನೆ ಕೂಡಿ ಕೇಂದ್ರದ ಆಡಳಿತಕ್ಕೆ ಸೇರಿದವು.

ಉಳಿದ ಗಡಿನಾಡಿನ ಬಾಂಧವರ ದಿನವೂ ಇದೇ, ಅಥವಾ ಇದಕ್ಕೆ ಹತ್ತಿರದ್ದೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಅಂದು ದ್ವಿಭಾಷಾ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಹೊಸೂರು, ತಾಳವಾಡಿ, ನೀಲಗಿರಿಗಳು ಮದರಾಸಿನಲ್ಲಿಯೇ ಉಳಿದವು. ಆದವಾನಿ, ಆಲೂರು, ರಾಯದುರ್ಗದವರ ಅಗಲಿಕೆಯು ಮೂರು ವರ್ಷ ಹಳೆಯದು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದಾಗ ಆ ಮೂರು ಆಂಧ್ರಕ್ಕೆ ಹೋದವು. ಅಂದು ಬಳ್ಳಾರಿಯಲ್ಲಿ ಹಚ್ಚಿದ ದೀಪದ ಬೆಳಕಿನಲ್ಲಿ ರಾಯದುರ್ಗಕ್ಕೆ ಪಾಲಿರಲಿಲ್ಲ. ಗೋವೆಯ ಕನ್ನಡಿಗರಾದರೋ 1961ರ ಡಿಸೆಂಬರಿನವರೆಗೆ ಪರರಾಜ್ಯದಲ್ಲಿಯೇ ಇದ್ದರು.

ನ್ಯಾಯವಾಗಿ ನೋಡುವುದಾದರೆ ಇತರರ ಲೆಕ್ಕವನ್ನೂ ಬರೆಯಬೇಕು. ಅದೇ ದಿನ ತಿರುವಿದಾಂಕೂರು, ಕೊಚ್ಚಿ, ಮಲಬಾರುಗಳಲ್ಲಿ ಹಂಚಿಹೋಗಿದ್ದ ಮಲಯಾಳಿಗಳು ಒಂದಾದರು. ನಾವು ಏಕೀಕರಣಕ್ಕಾಗಿ ಹಂಬಲಿಸಿದಂತೆಯೇ ಅವರೂ ಐಕ್ಯ ಕೇರಳಕ್ಕಾಗಿ ಹಂಬಲಿಸಿದ್ದರು. ಅದೇ ದಿನ ತೆಂಕಣ ತುದಿಯ ಕನ್ಯಾಕುಮಾರಿ ಸೀಮೆಯ ತಮಿಳರು, ತಮ್ಮ ನಾಲ್ಕು ತಾಲ್ಲೂಕುಗಳೊಡನೆ ಮದರಾಸನ್ನು ಸೇರಿಕೊಂಡರು. ಆದರೆ ದೇವಿಕುಳಂ, ಪೀರುಮೇಡುಗಳ ತಮಿಳರು ಕೇರಳದಲ್ಲಿಯೇ ಉಳಿದು ನಮ್ಮಂತೆಯೇ ನಿಡುಸುಯ್ದರು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರ ಆಯೋಗವು ತಾಲ್ಲೂಕನ್ನೇ ಒಂದು ಘಟಕವೆಂದು ಹಿಡಿದು ಮಾತೃಭಾಷೆಯ ತಲೆಯೆಣಿಕೆಯಿಂದ ನಮ್ಮನ್ನು ಕೇರಳಕ್ಕೆ ಕೊಟ್ಟಿತು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿಗಳನ್ನು ನುಡಿದರೂ ಶಾಲೆಯಲ್ಲಿ, ದೇವಸ್ಥಾನದಲ್ಲಿ, ಯಕ್ಷಗಾನದ ಬಯಲಿನಲ್ಲಿ, ದಸ್ತಾವೇಜಿನಲ್ಲಿ ಕನ್ನಡವನ್ನೇ ಬಳಸುತ್ತಿದ್ದವರು ಆ ಎಣಿಕೆಯಲ್ಲಿ ಕನ್ನಡದ ಪಟ್ಟಿಗೆ ಬರಲಿಲ್ಲ. ತಾಲ್ಲೂಕಿನ ಬದಲು ಹೊಳೆಯನ್ನು ಗಡಿಯಾಗಿ ಹಿಡಿಯಬೇಕೆಂಬುದು ನಮ್ಮ ಹಿರಿಯರ ವಾದವಾಗಿತ್ತು.

ಆ ವಾದವು ಬರಿಯ ಭಾವಾವೇಶದ್ದಲ್ಲವೆಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಶ್ರೀ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆರಿಸಿಬಂದರು. 1966ರ ಅಕ್ಟೋಬರ್ 25ರಂದು ಮೆಹರ್‌ಚಂದ ಮಹಾಜನರ ಏಕಸದಸ್ಯ ಆಯೋಗವು ನೇಮಕವಾಯಿತು. ಅದಾಗಿ ಒಂದೇ ವಾರಕ್ಕೆ, ನವೆಂಬರ್ 1ರಂದು, ಪಂಜಾಬವನ್ನು ಪುನರ್ವಿಂಗಡಿಸಿ ಹರಿಯಾಣ ರಾಜ್ಯವನ್ನು ಮಾಡಲಾಯಿತು. ಅಲ್ಲಿ ಗೆರೆಯು ಎಳೆಯಲ್ಪಟ್ಟಿತು. ಇಲ್ಲಿ ವರದಿಯು ಬರೆಯಲ್ಪಟ್ಟಿತು. 1967ರ ಆಗಸ್ಟಿನಲ್ಲಿ ಮಹಾಜನರು, ಚಂದ್ರಗಿರಿಯ ಬಡಗಣ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಶಿಫಾರಸು ಮಾಡಿದರು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳೂ ಆ ಶಿಫಾರಸಿನಲ್ಲಿದ್ದವು. ಅದೇ ವರದಿಯು ನಿಪ್ಪಾಣಿ, ಖಾನಾಪುರ ಮತ್ತು ರಾಯಣ್ಣನು ಮಡಿದ ನಂದಗಡವನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಹೇಳಿತ್ತು. ವರದಿಯು ಕಾರ್ಯರೂಪಕ್ಕೆ ಬರಲಿಲ್ಲ. ಗೋವಿಂದ ಪೈಗಳು ಅದನ್ನು ನೋಡಲಿಕ್ಕೂ ಇರಲಿಲ್ಲ. 1963ರಲ್ಲಿಯೇ ಅವರು ಕಣ್ಮುಚ್ಚಿದ್ದರು. 1984ರ ಮೇ 24ರಂದು ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಇನ್ನೊಂದು ನವೆಂಬರ್ 1ನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1973ರ ನವೆಂಬರ್ 1ರಂದು, ಶ್ರೀ ಡಿ. ದೇವರಾಜ ಅರಸರ ಕಾಲದಲ್ಲಿ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1956ರ ದಿನವೂ 1973ರ ದಿನವೂ ಗುರುವಾರವಾಗಿದ್ದುದು ಯೋಗಾಯೋಗ. ತಾರೀಖು ಒಂದೇ ಆದುದು ಮಾತ್ರ ಬೇಕೆಂದೇ ಆರಿಸಿದ್ದು. ಕಚೇರಿಯ ಅನುಕೂಲಕ್ಕೆ ತಕ್ಕ ತಾರೀಖಾಗಿ ತೊಡಗಿದುದು ಹದಿನೇಳು ವರ್ಷಗಳಲ್ಲಿ ಜನರ ನೆನಪಿನ ದಿನವಾಗಿ ಬೆಳೆದಿತ್ತು. ಅದೇ 1973ರ ನವೆಂಬರ್ 1ರಂದು ಮಂಗಳೂರಿನಲ್ಲಿ ಹುಟ್ಟಿದ ತುಳುವರ ಶಿಶುವೊಂದು ಮುಂದೆ ಐಶ್ವರ್ಯಾ ರೈ ಎಂಬ ಹೆಸರಿನಿಂದ ಜಗತ್ತಿಗೇ ಪರಿಚಿತವಾಯಿತು. ನಮ್ಮ ಬಾಲಿಕೆಗೆ ಈ ಸಂಗತಿಯು ಉಳಿದೆಲ್ಲಕ್ಕಿಂತ ಹೆಚ್ಚು ರುಚಿಸಬಹುದು. ನಮ್ಮ ಆಕ್ಷೇಪವೇನೂ ಇಲ್ಲ.

ಇಷ್ಟನ್ನು ಹುಡುಕುತ್ತಿರುವಾಗ, 1956ರ ಅದೇ ದಿನದ ಇನ್ನೊಂದು ಸಂಗತಿಯು ನಮ್ಮ ಕಣ್ಣಿಗೆ ಬಿದ್ದಿತು. ಇಷ್ಟು ವರ್ಷಗಳ ಕಾಲ ಈ ವೇದಿಕೆಯಲ್ಲಿ ನಿಂತು ಮಾತನಾಡಿದ ನಾವು ಅದನ್ನು ಒಮ್ಮೆಯೂ ಹೇಳದೆ ಹೋದೆವಲ್ಲಾ ಎಂದು ನಾಚಿಕೆಯೂ ಆಯಿತು. ಸಂವಿಧಾನದ ಏಳನೆಯ ತಿದ್ದುಪಡಿಯು ಜಾರಿಗೆ ಬಂದುದೂ 1956ರ ನವೆಂಬರ್ 1ರಂದೇ. ಅದರ ಮೂಲಕ 350ಎ ಮತ್ತು 350ಬಿ ಎಂಬ ಎರಡು ವಿಧಿಗಳು ಸಂವಿಧಾನದಲ್ಲಿ ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಕೊಡಲು ತಕ್ಕ ಸೌಕರ್ಯಗಳನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಅದಕ್ಕಾಗಿ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನಗಳನ್ನು ಕೊಡಬಹುದು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಕೊಡಲು ವಿಶೇಷ ಅಧಿಕಾರಿಯೊಬ್ಬನಿರಬೇಕೆಂದು ಎರಡನೆಯದು ವಿಧಿಸುತ್ತದೆ.

ಇದು ಯೋಗಾಯೋಗವಲ್ಲ. ನಮ್ಮನ್ನು ಕೇರಳಕ್ಕೆ ಕೊಟ್ಟ ಫಜಲ್ ಅಲಿ ಆಯೋಗವೇ, ಗಡಿಗಳನ್ನು ಎಷ್ಟೇ ಎಚ್ಚರಿಕೆಯಿಂದ ಎಳೆದರೂ ಆಚೆಗೂ ಈಚೆಗೂ ಕೆಲವರು ಉಳಿಯುವರೆಂದು ಕಂಡು, ಅವರಿಗೆ ರಕ್ಷಣೆ ಬೇಕೆಂದು ಸೂಚಿಸಿತ್ತು. ಗಾಯವನ್ನು ಮಾಡಿದ ಕೈಯೇ ಮದ್ದನ್ನೂ ಇಟ್ಟಿತ್ತು. ನಾವು ಗಾಯದ ದಿನವನ್ನು ನೆನೆದೆವು, ಮದ್ದಿನ ದಿನವೂ ಅದೇ ಎಂಬುದನ್ನು ಮರೆತೆವು. 1969ರ ಕೇರಳದ ಅಧಿಕೃತ ಭಾಷೆಗಳ ಕಾಯಿದೆಯಲ್ಲಿ ಕನ್ನಡಿಗರಿಗೂ ತಮಿಳರಿಗೂ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶವನ್ನು ಇಟ್ಟಿರುವುದು ಇದರ ಮುಂದುವರಿಕೆಯೇ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಾಗ ನಮ್ಮವರು ಬೀದಿಗಿಳಿದು ಮೊರೆಯಿಟ್ಟರಲ್ಲ, ಆ ಮೊರೆಗೆ ಕಾಲೂರಲು ನೆಲವನ್ನು ಕೊಡುವುದು ಈ ವಿಧಿಗಳೇ. ಹಕ್ಕು ಕಾಗದದಲ್ಲಿದ್ದರೆ ಸಾಲದೆಂಬುದು ನಿಜ. ಆದರೆ ಕಾಗದದಲ್ಲಿ ಇದೆಯೆಂಬುದನ್ನೇ ಅರಿಯದವನು ಅದನ್ನು ಕೇಳುವುದು ಹೇಗೆ?

ನಮ್ಮ ತಂದೆಯವರ ಮರದ ಪೆಟ್ಟಿಗೆಯಲ್ಲಿ ಎರಡು ತೀರ್ವೆಯ ರಶೀದಿಗಳಿವೆ. ಒಂದು 1956ಕ್ಕೆ ಮೊದಲಿನದು, ಕನ್ನಡದಲ್ಲಿ ಬರೆದದ್ದು. ಇನ್ನೊಂದು ಕೆಲವು ವರ್ಷಗಳ ಅನಂತರದ್ದು, ಮಲಯಾಳದಲ್ಲಿ ಬರೆದದ್ದು. ಎರಡರಲ್ಲಿಯೂ ಸರ್ವೆ ನಂಬರು ಒಂದೇ. ಗದ್ದೆಯೂ ಅದೇ, ಅಡಕೆಯ ತೋಟವೂ ಅದೇ. ತಂದೆಯವರಿಗೆ ಎರಡನೆಯದನ್ನು ಓದಲು ಬಾರದು. ನೆರೆಮನೆಯ ಮಲಯಾಳಿ ಗೆಳೆಯರು ಅದನ್ನು ಓದಿ ಹೇಳುತ್ತಿದ್ದರು; ಅವರ ಮಕ್ಕಳ ಮದುವೆಯ ಕಾಗದಕ್ಕೆ ಕನ್ನಡದ ಒಕ್ಕಣೆಯನ್ನು ತಂದೆಯವರು ಬರೆದುಕೊಡುತ್ತಿದ್ದರು. ನವೆಂಬರ್ 1 ಈ ಇಬ್ಬರ ನಡುವೆ ಯಾವ ಜಗಳವನ್ನೂ ತರಲಿಲ್ಲ. ಆದರೆ ತನ್ನ ಸ್ವಂತ ನೆಲದ ರಶೀದಿಯನ್ನು ಪರರಿಂದ ಓದಿಸಿಕೊಳ್ಳಬೇಕಾಯಿತೆಂಬ ಕೊರಗು ತಂದೆಯವರಿಗೆ ಕೊನೆಯವರೆಗೂ ಇತ್ತು. ಈ ಎರಡು ಮಾತುಗಳೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವನು ಈ ಸೀಮೆಯ ಚರಿತ್ರೆಯನ್ನು ಬರೆಯಲಾರನು.

ಆದಕಾರಣ ಸಂಘದ ಸದಸ್ಯ ಮಹಾಶಯರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ವಾರ್ಷಿಕೋತ್ಸವಕ್ಕೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ತಾರೀಖುಳ್ಳ ಒಂದು ಹಳೆಯ ಕಾಗದವನ್ನು, ರಶೀದಿಯಾಗಲಿ, ಶಾಲೆಯ ಸರ್ಟಿಫಿಕೇಟಾಗಲಿ, ಮದುವೆಯ ಕರೆಯೋಲೆಯಾಗಲಿ, ಯಕ್ಷಗಾನದ ಕರಪತ್ರವಾಗಲಿ ತರಬೇಕು. ಅದರ ಪ್ರತಿಯನ್ನು ತೆಗೆದಿರಿಸಿಕೊಂಡು ಮೂಲವನ್ನು ಹಿಂದಿರುಗಿಸೋಣ. 1956ಕ್ಕೆ ಮೊದಲು ಈ ಊರಿನಲ್ಲಿ ಕನ್ನಡವು ಎಲ್ಲೆಲ್ಲಿ ಬಳಕೆಯಲ್ಲಿತ್ತೆಂಬುದಕ್ಕೆ ಭಾಷಣಕ್ಕಿಂತ ಇಂಥ ಒಂದು ಹಿಡಿ ಕಾಗದವು ಬಲವಾದ ಸಾಕ್ಷಿ. ಅದರೊಡನೆ ಆ ಎರಡು ವಿಧಿಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಕನ್ನಡ ಮಾಧ್ಯಮದ ಪ್ರತಿಯೊಂದು ಶಾಲೆಯ ಗೋಡೆಗೂ ಕೊಡೋಣ.

ಇನ್ನು ಆ ಬಾಲಿಕೆಗೆ ಉತ್ತರ. ಮಗೂ, ನಿನ್ನ ಹುಟ್ಟುಹಬ್ಬವು ಎರಡರೊಟ್ಟಿಗೂ ಇದೆ, ಮಾಹೆಯ ಬಿಡುಗಡೆಯೊಟ್ಟಿಗೂ ಇದೆ, ಲಿಸ್ಬನ್ನಿನ ದುಃಖದೊಟ್ಟಿಗೂ ಇದೆ. ಶಾಲೆಯಲ್ಲಿ ನಿನ್ನ ಗೆಳತಿಯರು ಕೇರಳಪ್ಪಿರವಿಯ ಹಾಡನ್ನು ಹಾಡುವಾಗ ಅವರೊಡನೆ ನಿಲ್ಲು. ಅದು ಅವರ ಹಿರಿಯರ ಹಂಬಲದ ದಿನ. ಸಂಜೆ ಇಲ್ಲಿಗೆ ಬಾ. ಇದು ನಿನ್ನ ಹಿರಿಯರ ಹಂಬಲದ ದಿನ. ಮತ್ತು ನಿನಗೆ ನಿನ್ನ ಮಾತಿನಲ್ಲಿ ಪಾಠ ಕಲಿಯುವ ಹಕ್ಕನ್ನು ಈ ದೇಶವು ಬರೆದುಕೊಟ್ಟದ್ದೂ ಅದೇ ದಿನವೇ. ಉಳಿದೆಲ್ಲವನ್ನು ಮರೆತರೂ ಇದೊಂದನ್ನು ಮರೆಯಬೇಡ. ಮುಂದಿನ ಸಲ ನೀನು ಪ್ರಶ್ನೆ ಕೇಳಿದಾಗ ಲಾಡು ಕೊಟ್ಟು ಕಳುಹಿಸುವ ತಪ್ಪನ್ನು ನಾವು ಮಾಡುವುದಿಲ್ಲ. ಲಾಡನ್ನೂ ಕೊಡುತ್ತೇವೆ, ಉತ್ತರವನ್ನೂ ಕೊಡುತ್ತೇವೆ.